ಎಲೆಯೋ, ಕಾಂಡವೋ, ಮರಿಯೋ? ಸಕ್ಯುಲೆಂಟ್ ಗಿಡ ಹೆಚ್ಚಿಸಲು ಯಾವ ದಾರಿ ಹಿಡಿಯಬೇಕು

ಒಂದು ಸಕ್ಯುಲೆಂಟ್, ಅಂದರೆ ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಮನೆಗೆ ಬಂದು ನಾಲ್ಕು ದಿನ ಚೆನ್ನಾಗಿ ನಿಂತರೆ ಸಾಕು, ಅದನ್ನೇ ಹತ್ತು ಮಾಡೋಣ ಅನ್ನುವ ಆಸೆ ಹುಟ್ಟುತ್ತದೆ. ತಟ್ಟೆ ತುಂಬ ದಪ್ಪ ದಪ್ಪ ಎಲೆ ಜೋಡಿಸಿಟ್ಟು, ಒಂದೊಂದರ ಬುಡದಲ್ಲೂ ಪುಟಾಣಿ ಗಿಡ ಚಿಗುರಿರುವ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಅದನ್ನು ನೋಡಿ, ಕೈಗೆ ಸಿಕ್ಕ ಗಿಡದ ಎಲೆ ಕಿತ್ತು ಮಣ್ಣಿನ ಮೇಲೆ ಇಟ್ಟವರು ಬಹಳ ಜನ. ಕೆಲವು ಚಿಗುರುತ್ತವೆ, ಹಲವು ಕೊಳೆತು ನೀರಾಗುತ್ತವೆ. ಆಮೇಲೆ "ನನ್ನ ಕೈಗುಣ ಸರಿಯಿಲ್ಲ" ಅಂತ ಸುಮ್ಮನಾಗಿಬಿಡುತ್ತಾರೆ.

ಅದು ಕೈಗುಣದ ಮಾತಲ್ಲ. ಎಷ್ಟೋ ಸಲ ಆ ಗಿಡಕ್ಕೆ ಆ ವಿಧಾನವೇ ಹೊಂದುವುದಿಲ್ಲ. ಲೋಳೆಸರದ ಎಲೆಯನ್ನು ಎಷ್ಟೇ ಜತನದಿಂದ ನೆಟ್ಟರೂ ಅದು ಗಿಡವಾಗುವುದಿಲ್ಲ, ಕೊಳೆಯುತ್ತದೆ ಅಷ್ಟೆ. ಅದೇ ಲೋಳೆಸರದ ಬುಡ ಬಿಡಿಸಿ ನೋಡಿದರೆ ಮೂರ್ನಾಲ್ಕು ಮರಿಗಳು ಬೇರು ಸಮೇತ ತಯಾರಾಗಿ ಕೂತಿರುತ್ತವೆ. ಹಾಗಾಗಿ ವಿಧಾನ ಆರಿಸುವ ಮೊದಲು ಗಿಡವನ್ನು ಸರಿಯಾಗಿ ನೋಡಬೇಕು. ಬುಡದಲ್ಲಿ ಮರಿ ಇದೆಯಾ? ಕತ್ತರಿಸುವಷ್ಟು ಉದ್ದದ ಕಾಂಡ ಇದೆಯಾ? ಎಲೆ ಅಲ್ಲಾಡಿಸಿದರೆ ಬುಡದಿಂದ ಪೂರ್ತಿ ಬಿಟ್ಟು ಬರುತ್ತದಾ? ಈ ಮೂರನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಹೊಸಬರಿಗೆ ಸುಲಭವಾದದ್ದು ಮರಿ, ಆಮೇಲೆ ಕಾಂಡ, ಆಮೇಲೆ ಎಲೆ. ಫೋಟೊಗಳಲ್ಲಿ ಎಲೆಯೇ ಜಾಸ್ತಿ ಕಾಣುವುದರಿಂದ ಎಲ್ಲರೂ ಮೂರನೆಯದರಿಂದಲೇ ಶುರು ಮಾಡುತ್ತಾರೆ.

ಮರಿ ಇದ್ದರೆ ಬೇರೆ ಯೋಚನೆಯೇ ಬೇಡ

ಲೋಳೆಸರ, ಹಾವರ್ಥಿಯಾ, ಗ್ಯಾಸ್ಟೀರಿಯಾ, ಕತ್ತಾಳೆಯ ಜಾತಿಗಳು, ಸೆಂಪರ್ವೈವಮ್. ಇವೆಲ್ಲ ತಾವಾಗಿಯೇ ಮರಿ ಹಾಕುವ ಗಿಡಗಳು. ಗುಲಾಬಿ ಹೂವಿನಂತೆ ಎಲೆ ಜೋಡಿಸಿಕೊಂಡಿರುವ ಎಚೆವೇರಿಯಾದಲ್ಲೂ ಕೆಲವು ತಳಿಗಳು ಬುಡದ ಸುತ್ತ ಮರಿ ಕಟ್ಟುತ್ತವೆ. ಮರಿ ಅಂದರೆ ಆಗಲೇ ಪೂರ್ತಿ ರೂಪ ಪಡೆದ ಪುಟ್ಟ ಗಿಡ. ಅದಕ್ಕೆ ಬೇರೂ ಇದ್ದರೆ ನಿಮ್ಮ ಕೆಲಸ ಬರೀ ಬೇರ್ಪಡಿಸಿ ನೆಡುವುದು.

ಆತುರ ಮಾತ್ರ ಬೇಡ. ಉಗುರಿನಷ್ಟು ಗಾತ್ರದಲ್ಲಿ ಕಿತ್ತ ಮರಿ ಬದುಕಿದರೂ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ತಾಯಿ ಗಿಡದ ಮೂರನೇ ಒಂದು ಭಾಗದಷ್ಟಾದರೂ ಬೆಳೆಯಲಿ. ಆಮೇಲೆ ಕೆಲವು ದಿನ ನೀರು ನಿಲ್ಲಿಸಿ, ಮಣ್ಣು ಒಣಗಿದ ಮೇಲೆ ಇಡೀ ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ಒಣ ಮಣ್ಣು ಕೈಯಲ್ಲೇ ಉದುರುತ್ತದೆ, ಬೇರು ಹರಿಯುವುದಿಲ್ಲ. ಮರಿ ತಾಯಿಗೆ ಅಂಟಿರುವ ಜಾಗ ಕಣ್ಣಿಗೆ ಕಾಣಬೇಕು. ಅಲ್ಲಿ ಮೆಲ್ಲಗೆ ತಿರುಚಿದರೆ ಎಷ್ಟೋ ಸಲ ಅದಾಗಿಯೇ ಬಿಟ್ಟು ಬರುತ್ತದೆ. ಬರದಿದ್ದರೆ ಚೊಕ್ಕ ಚಾಕುವಿನಿಂದ ಕೊಯ್ಯಿರಿ. ಮೇಲಿನಿಂದ ಎಲೆ ಹಿಡಿದು ಜಗ್ಗಬೇಡಿ, ಎಲೆ ಮಾತ್ರ ಕೈಗೆ ಬರುತ್ತದೆ, ಬೇರು ಅಲ್ಲೇ ಉಳಿಯುತ್ತದೆ.

ಬೇರಿದ್ದ ಮರಿಯನ್ನು ಒಂದೆರಡು ದಿನ ನೆರಳಲ್ಲಿ ಗಾಯ ಒಣಗಲು ಬಿಟ್ಟು ನೆಡಿ. ಬೇರಿಲ್ಲದ ಮರಿಯನ್ನು ಕಾಂಡದ ತುಂಡಿನಂತೆಯೇ ನೋಡಿಕೊಳ್ಳಬೇಕು. ಅದರ ವಿಷಯ ಮುಂದೆ ಬರುತ್ತದೆ.

ಮರಿಯಿಂದ ಮಾಡುವುದರ ಕೊರತೆ ಒಂದೇ: ಎಷ್ಟು ಮರಿ ಬರುತ್ತವೋ ಅಷ್ಟೇ ಗಿಡ. ನಿಮಗೆ ಬೇಕೆಂದಾಗ ಬೇಕಾದಷ್ಟು ಸಿಗುವುದಿಲ್ಲ. ಆದರೆ ಹೆಚ್ಚಿನ ಕತ್ತಾಳೆ ಜಾತಿಗಳಲ್ಲಿ, ಸೆಂಪರ್ವೈವಮ್‌ನಲ್ಲಿ ಹೂ ಬಿಟ್ಟ ಗಿಡ ಅಲ್ಲಿಗೆ ಮುಗಿಯಿತು, ಒಣಗಿ ಹೋಗುತ್ತದೆ. ಅಂಥ ಗಿಡಗಳಲ್ಲಿ ಮರಿಗಳೇ ವಂಶ ಉಳಿಸುವುದು. ಹಾಗಾಗಿ ಒಂದೆರಡು ಮರಿಗಳನ್ನು ಯಾವಾಗಲೂ ಬೇರೆ ಕುಂಡದಲ್ಲಿ ಇಟ್ಟುಕೊಂಡಿರಿ.

ಕಾಂಡ: ಕತ್ತರಿಸಲು ಮನಸ್ಸು ಗಟ್ಟಿ ಮಾಡಿಕೊಂಡರೆ

ಜೇಡ್ ಗಿಡ, ಕಲಾಂಚೊ, ಏಯೋನಿಯಮ್, ಉದ್ದಕ್ಕೆ ಇಳಿಬೀಳುವ ಸೀಡಮ್, ಎಷ್ಟೋ ಬಗೆಯ ಕಳ್ಳಿ. ಇವಕ್ಕೆ ಕಾಂಡವೇ ಸರಿ. ಏಯೋನಿಯಮ್‌ನ ಎಲೆ ನೋಡಲು ಎಚೆವೇರಿಯಾದಂತೆಯೇ ಇರುವುದರಿಂದ ಜನ ಅದರ ಎಲೆಯನ್ನೂ ತಟ್ಟೆಯಲ್ಲಿ ಇಡುತ್ತಾರೆ. ಅದು ಸಾಮಾನ್ಯವಾಗಿ ಬಾಡಿ ಹೋಗುತ್ತದೆಯೇ ಹೊರತು ಚಿಗುರುವುದಿಲ್ಲ. ಜೇಡ್‌ನ ಎಲೆ ಚಿಗುರುತ್ತದೆ, ಆದರೆ ಗಿಡ ಅನ್ನಿಸಿಕೊಳ್ಳಲು ವರ್ಷವೇ ಬೇಕು. ಅದೇ ಜೇಡ್‌ನ 8-10 ಸೆಂ.ಮೀ. ಕೊಂಬೆ ನೆಟ್ಟರೆ ಅವತ್ತಿನಿಂದಲೇ ಅದು ಗಿಡದಂತೆ ಕಾಣುತ್ತದೆ. ಬೇರು ಬಿಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಸಾಕು.

ಕತ್ತರಿಸುವ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಕೆಳಗಿನ ಎರಡು ಮೂರು ಸೆಂಟಿಮೀಟರ್‌ನ ಎಲೆ ತೆಗೆದು ಕಾಂಡವನ್ನು ಬೋಳು ಮಾಡಿ. ಆಮೇಲೆ ಬರುವುದೇ ಹೊಸಬರು ತಪ್ಪುವ ಜಾಗ: ಕಾಯುವುದು. ಈಗ ತಾನೇ ಕೊಯ್ದ ತುದಿ ಹಸಿಯಾಗಿ ಹೊಳೆಯುತ್ತಿರುತ್ತದೆ. ಅದನ್ನು ಹಾಗೇ ಒದ್ದೆ ಮಣ್ಣಿಗೆ ಚುಚ್ಚಿದರೆ ಆ ಗಾಯದಿಂದಲೇ ಕೊಳೆ ಒಳಗೆ ಹೋಗುತ್ತದೆ. ಮೂರರಿಂದ ಐದು ದಿನ ಗಾಳಿಯಾಡುವ ನೆರಳಲ್ಲಿ ಇಟ್ಟರೆ ತುದಿ ಮಂಕಾಗಿ, ಬೆರಳಾಡಿಸಿದರೆ ಒಣ ತೊಗಟೆಯಂತೆ ಒರಟಾಗುತ್ತದೆ. ಆಗ ನೆಡಬೇಕು. ಹೆಬ್ಬೆರಳಿನಷ್ಟು ದಪ್ಪದ ಕಾಂಡಕ್ಕೆ ವಾರ ಬೇಕು, ದಪ್ಪ ಕಳ್ಳಿಗೆ ಎರಡು ವಾರವೂ ಬೇಕಾಗಬಹುದು. ಅಷ್ಟು ದಿನ ಮಣ್ಣಿಲ್ಲದೆ, ನೀರಿಲ್ಲದೆ ಸಾಯುವುದಿಲ್ಲವಾ ಅಂತ ಹೆದರಬೇಡಿ. ದಪ್ಪ ಎಲೆ, ದಪ್ಪ ಕಾಂಡ ಇರುವುದೇ ನೀರು ಕೂಡಿಟ್ಟುಕೊಳ್ಳಲಿಕ್ಕೆ.

ಒಣಗಲು ಇಡುವಾಗ ಉದ್ದನೆಯ ತುಂಡನ್ನು ಮಲಗಿಸಬೇಡಿ, ಒಂದು ಲೋಟದಲ್ಲಿ ನಿಲ್ಲಿಸಿ. ಮಲಗಿಸಿದರೆ ತುದಿ ಬೆಳಕಿನ ಕಡೆ ಮೇಲಕ್ಕೆ ಬಾಗುತ್ತದೆ. ಆಮೇಲೆ ನೆಟ್ಟಾಗ ಗಿಡ ಸೊಟ್ಟಗೆ ನಿಲ್ಲುತ್ತದೆ.

ಹಾಲು ಸುರಿಸುವ ಕಳ್ಳಿಗಳ ಬಗ್ಗೆ ಮಾತ್ರ ಎಚ್ಚರ ಇರಲಿ. ಆ ಬಿಳಿ ಹಾಲು ಚರ್ಮವನ್ನು ಉರಿಸುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕೈಗವಸು ಹಾಕಿಕೊಳ್ಳಿ, ಕೊಯ್ದ ತುದಿಯನ್ನು ನೀರಿನಲ್ಲಿ ತೊಳೆದು ಹಾಲು ನಿಂತ ಮೇಲೆ ಒಣಗಿಸಿ. ಮಕ್ಕಳು ಹತ್ತಿರ ಇರುವಾಗ ಈ ಕೆಲಸ ಬೇಡ.

ಕಾಂಡ ಕತ್ತರಿಸಲೇಬೇಕಾದ ಸಂದರ್ಭವೂ ಇದೆ. ಬುಡ ಕೊಳೆತು ಗಿಡ ವಾಲಿದಾಗ. ನನ್ನ ಒಂದು ಎಚೆವೇರಿಯಾ ಮೇಲಿನಿಂದ ಚೆನ್ನಾಗೇ ಇತ್ತು. ಒಂದು ಬೆಳಗ್ಗೆ ಮುಟ್ಟಿದರೆ ಕೆಳಗಿನ ನಾಲ್ಕು ಎಲೆ ಕಳಚಿ ಬಿದ್ದವು, ಕಾಂಡ ಕಪ್ಪಾಗಿತ್ತು. ಕಪ್ಪು ಕಾಣದ ಜಾಗಕ್ಕೆ ಕೊಯ್ದೆ. ಕೊಯ್ದ ಮುಖದ ನಡುವೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಇತ್ತು. ಅಷ್ಟೇ ತಾನೆ ಅಂತ ಬಿಟ್ಟಿದ್ದರೆ ಇಡೀ ತಲೆ, ಅಂದರೆ ಮೇಲಿನ ಎಲೆಗಳ ಗೊಂಚಲು, ಹೋಗುತ್ತಿತ್ತು. ಚಾಕು ಒರೆಸಿ ಇನ್ನೊಂದು ಬಿಲ್ಲೆ ಕೊಯ್ದೆ, ಚುಕ್ಕೆ ಸಣ್ಣದಾಯಿತು. ಮೂರನೇ ಸಲಕ್ಕೆ ಮುಖ ಪೂರ್ತಿ ತಿಳಿಹಸಿರಾಗಿ, ಚೊಕ್ಕವಾಗಿ ಸಿಕ್ಕಿತು. ಕಾಂಡ ಒಂದು ಸೆಂಟಿಮೀಟರ್ ಮಾತ್ರ ಉಳಿಯಿತು, ಆದರೆ ಅದು ಬೇರು ಬಿಟ್ಟಿತು. ಕಂದು ಬಣ್ಣ ಪೂರ್ತಿ ಮಾಯವಾಗುವವರೆಗೂ ಕೊಯ್ಯುತ್ತಲೇ ಹೋಗಬೇಕು, ಇದರಲ್ಲಿ ದಾಕ್ಷಿಣ್ಯ ಬೇಡ.

ಎಲೆ: ನಿಧಾನ, ಆದರೆ ನೋಡುವ ಖುಷಿಯೇ ಬೇರೆ

ಎಚೆವೇರಿಯಾ, ಗ್ರಾಪ್ಟೊಪೆಟಲಮ್, ಪ್ಯಾಕಿಫೈಟಮ್, ದಪ್ಪ ಎಲೆಯ ಸೀಡಮ್‌ಗಳು. ಎಲೆಯಿಂದ ಮಾಡಬೇಕೆಂದರೆ ಇವುಗಳಿಂದ ಶುರು ಮಾಡಿ. ಮೊದಲ ಸಲವೇ ಯಶಸ್ಸು ಬೇಕೆಂದರೆ ಬೂದು ಬಣ್ಣದ ಗ್ರಾಪ್ಟೊಪೆಟಲಮ್ ತೆಗೆದುಕೊಳ್ಳಿ. ಅದರ ಎಲೆ ಕೈ ತಗುಲಿ ಉದುರಿದರೂ ಬಿದ್ದಲ್ಲೇ ಬೇರು ಬಿಡುತ್ತದೆ. ಜೆಲ್ಲಿ ಬೀನ್ ಅಂತ ಕರೆಯುವ ಸೀಡಮ್ ಕೂಡ ಹಾಗೆಯೇ.

ಇಲ್ಲಿ ಎಲ್ಲವೂ ನಿಂತಿರುವುದು ಎಲೆ ಕೀಳುವ ಆ ಒಂದು ಕ್ಷಣದ ಮೇಲೆ. ಗಿಡದ ಕೆಳಗಿನ ಸಾಲಿನ, ಗಟ್ಟಿಯಾಗಿ ತುಂಬಿಕೊಂಡಿರುವ ಎಲೆ ಆರಿಸಿ. ತುದಿಯನ್ನಲ್ಲ, ಕಾಂಡಕ್ಕೆ ಹತ್ತಿರದ ಭಾಗವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ಎಡಕ್ಕೆ ಒಂಚೂರು, ಬಲಕ್ಕೆ ಒಂಚೂರು ಅಲ್ಲಾಡಿಸಿ. ಟಕ್ ಅಂತ ಸಣ್ಣದಾಗಿ ಬಿಟ್ಟುಕೊಂಡದ್ದು ಬೆರಳಿಗೇ ಗೊತ್ತಾಗುತ್ತದೆ. ಈಗ ಎಲೆಯ ಬುಡ ನೋಡಿ. ಹರಿದ ಗುರುತಿಲ್ಲದೆ, ದುಂಡಗೆ, ನುಣ್ಣಗೆ ಪೂರ್ತಿ ಬಂದಿದ್ದರೆ ಆ ಎಲೆ ಚಿಗುರುತ್ತದೆ ಅಂತ ನಂಬಬಹುದು. ಅರ್ಧ ಹರಿದು, ಬುಡದ ಚೂರು ಗಿಡದಲ್ಲೇ ಉಳಿದಿದ್ದರೆ ಅದನ್ನು ಆಗಲೇ ಪಕ್ಕಕ್ಕಿಡಿ. ಹೊಸ ಚಿಗುರು ಹೊರಡುವುದು ಆ ಬುಡದಿಂದಲೇ. ಅದು ಇಲ್ಲದ ಎಲೆ ಬೇರು ಬಿಟ್ಟರೂ ಮರಿ ಕೊಡದೆ ಉಳಿದುಬಿಡಬಹುದು.

ಎರಡು ಮೂರು ದಿನ ಒಣಗಿಸಿ, ಒಣ ಮಣ್ಣಿನ ಮೇಲೆ ಸುಮ್ನೆ ಮಲಗಿಸಿ. ಹೂಳಬೇಡಿ. ನೀರನ್ನೂ ಹಾಕಬೇಡಿ, ಬೇರು ಕಾಣುವವರೆಗೂ. ಶುರುವಿನಲ್ಲಿ ನಾನು ದಿನಾ ಬೆಳಗ್ಗೆ ಸ್ಪ್ರೇ ಮಾಡುತ್ತಿದ್ದೆ, ಎಲೆಗೆ ಬಾಯಾರಿಕೆ ಆಗುತ್ತದೆ ಅಂದುಕೊಂಡು. ವಾರದೊಳಗೆ ಎಲೆಗಳು ಬೇಯಿಸಿದ ಈರುಳ್ಳಿಯಂತೆ ಪಾರದರ್ಶಕವಾಗಿ, ಮುಟ್ಟಿದರೆ ಒಡೆಯುವಂತಾದವು. ಬೇರಿಲ್ಲದ ಎಲೆ ನೀರು ಕುಡಿಯುವುದು ಎಲ್ಲಿಂದ? ಅದರ ನೀರು ಅದರೊಳಗೇ ಇದೆ.

ಎರಡರಿಂದ ನಾಲ್ಕು ವಾರಕ್ಕೆ ಬುಡದಲ್ಲಿ ತೆಳು ಗುಲಾಬಿ ಬಣ್ಣದ ದಾರದಂಥ ಬೇರುಗಳು ಇಣುಕುತ್ತವೆ. ಕೆಲವದರಲ್ಲಿ ಮೊದಲು ಮರಿಯೇ ಬರುತ್ತದೆ, ಬೇರು ಆಮೇಲೆ. ಎರಡೂ ಸರಿಯೇ. ಬೇರು ಕಂಡ ಮೇಲೆ ಅದರ ಮೇಲೆ ಒಂದು ಚಿಟಿಕೆ ಮಣ್ಣು ಉದುರಿಸಿ, ಆ ಜಾಗಕ್ಕೆ ಮಾತ್ರ ನೀರು ಹಾಕಿ. ಗಾಳಿಗೆ ಬಿಟ್ಟ ಬೇರು ಬೇಗ ಒಣಗುತ್ತದೆ. ತಾಯಿ ಎಲೆ ದಿನೇ ದಿನೇ ಸುಕ್ಕಾಗುತ್ತಾ ಹೋಗುವುದನ್ನು ನೋಡಿ ಗಾಬರಿ ಬೇಡ. ಅದು ತನ್ನೊಳಗಿನ ನೀರನ್ನು ಮರಿಗೆ ಕೊಡುತ್ತಿದೆ. ಪೂರ್ತಿ ಒಣಗಿ ಕಾಗದದಂತಾದ ಮೇಲೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಅದಕ್ಕೂ ಮೊದಲು ಕಿತ್ತರೆ ಮರಿಯೂ ಅದರ ಜೊತೆ ಬರುವ ಸಂಭವ ಜಾಸ್ತಿ.

ಎಲೆಯ ಲಾಭ ಏನು ಅಂದರೆ ತಾಯಿ ಗಿಡದ ರೂಪ ಕೆಡುವುದಿಲ್ಲ, ಒಂದೇ ಗಿಡದಿಂದ ಹತ್ತಾರು ಮಾಡಬಹುದು. ನಷ್ಟ ಏನು ಅಂದರೆ ಸಮಯ. ಕುಂಡದಲ್ಲಿ ನೆಟ್ಟು ಯಾರಿಗಾದರೂ ಕೊಡಬಹುದಾದ ಗಾತ್ರಕ್ಕೆ ಬರಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಹತ್ತು ಎಲೆ ಇಟ್ಟರೆ ಹತ್ತೂ ಬರುವುದಿಲ್ಲ ಅನ್ನುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಂಡು ನಾಲ್ಕು ಜಾಸ್ತಿ ಇಡಿ.

ಬಿಳಿ ಅಥವಾ ಹಳದಿ ಪಟ್ಟೆ ಇರುವ ತಳಿಗಳಿಗೆ ಮಾತ್ರ ಎಲೆಯ ದಾರಿ ನಂಬುವಂಥದ್ದಲ್ಲ. ಮರಿ ಬರೀ ಹಸಿರಾಗಿ ಹುಟ್ಟಬಹುದು. ಇಲ್ಲವೇ ಪೂರ್ತಿ ಬಿಳಿಯಾಗಿ ಹುಟ್ಟಿ, ಹಸಿರೇ ಇಲ್ಲದೆ ತನ್ನ ಆಹಾರ ತಾನು ಮಾಡಿಕೊಳ್ಳಲಾರದೆ, ತಾಯಿ ಎಲೆ ಮುಗಿದ ದಿನ ತಾನೂ ಮುಗಿಯಬಹುದು. ಪಟ್ಟೆ ಉಳಿಯಬೇಕಾದರೆ ಮರಿ ಅಥವಾ ತಲೆಯ ತುಂಡೇ ಗತಿ.

ಸ್ನೇಕ್ ಪ್ಲಾಂಟ್‌ನಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಅದರ ಉದ್ದ ಎಲೆಯನ್ನು ಅಡ್ಡಕ್ಕೆ ತುಂಡು ಮಾಡಿ ನೆಟ್ಟರೆ ಚಿಗುರುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಗುರುತು ಹಾಕಿಕೊಂಡಿರಬೇಕು, ತಲೆಕೆಳಗಾಗಿ ನೆಟ್ಟ ತುಂಡು ಬೇರು ಬಿಡುವುದಿಲ್ಲ. ಆದರೆ ಹಳದಿ ಅಂಚಿನ ತಳಿಯಾಗಿದ್ದರೆ ಹೊಸ ಗಿಡಕ್ಕೆ ಆ ಅಂಚು ಇರುವುದಿಲ್ಲ, ಬರೀ ಹಸಿರು. ಚಿಗುರು ಮಣ್ಣಿನ ಮೇಲೆ ಕಾಣಲು ತಿಂಗಳುಗಳೇ ಬೇಕು. ಅದೇ ಗಿಡದ ಗಡ್ಡೆಯನ್ನು ಎಲೆಯ ಗೊಂಚಲು ಸಮೇತ ಎರಡು ಪಾಲು ಮಾಡಿದರೆ ಅಂಚೂ ಉಳಿಯುತ್ತದೆ, ಒಂದೇ ದಿನದಲ್ಲಿ ಎರಡು ಗಿಡವೂ ಆಗುತ್ತದೆ.

ನೀರಿನಲ್ಲಿ ಬೇರು ಬಿಡಿಸುವುದು, ಬೀಜ, ಮತ್ತೆ ಕಾಡುಬಸಳೆ

ಗಾಜಿನ ಲೋಟದಲ್ಲಿ ಬಿಳಿ ಬೇರು ಇಳಿಯುವುದನ್ನು ನೋಡಲು ಯಾರಿಗೆ ಇಷ್ಟ ಇಲ್ಲ? ಜೇಡ್, ಎಚೆವೇರಿಯಾದ ತಲೆ, ಸ್ನೇಕ್ ಪ್ಲಾಂಟ್ ನೀರಿನಲ್ಲೂ ಬೇರು ಬಿಡುತ್ತವೆ. ಆದರೆ ನೀರಿನಲ್ಲಿ ಬೆಳೆದ ಬೇರು ಮಣ್ಣಿಗೆ ಹೋದ ಮೇಲೆ ಅಲ್ಲಿಗೆ ಹೊಂದಿಕೊಳ್ಳಬೇಕು. ಆ ಹೊತ್ತಿನಲ್ಲಿ ಗಿಡ ಇನ್ನೊಂದು ಸಲ ಸೊರಗುತ್ತದೆ. ಮಣ್ಣಿನಲ್ಲೇ ಬೇರು ಬಿಟ್ಟ ಗಿಡಕ್ಕೆ ಈ ತಾಪತ್ರಯ ಇಲ್ಲ, ಹಾಗಾಗಿ ನನ್ನ ಮತ ಮಣ್ಣಿಗೇ. ಮಕ್ಕಳಿಗೆ ಬೇರು ತೋರಿಸಬೇಕು ಅಂತಿದ್ದರೆ ನೀರಿನಲ್ಲಿ ಖಂಡಿತ ಮಾಡಿ. ಆದರೆ ಗಾಯ ಒಣಗಿದ ಮೇಲೆಯೇ, ಮತ್ತು ತುದಿ ನೀರಿಗೆ ತಾಗದೆ ಕೂದಲೆಳೆಯಷ್ಟು ಮೇಲಿರುವಂತೆ.

ಬೀಜ ಹೊಸಬರಿಗಲ್ಲ. ಧೂಳಿನಂಥ ಬೀಜ, ಸದಾ ತೇವ, ಪಾಚಿ, ವರ್ಷಗಟ್ಟಲೆ ಕಾಯುವಿಕೆ. ಕಲ್ಲಿನಂತೆ ಕಾಣುವ ಲಿಥಾಪ್ಸ್‌ಗೆ ಬೀಜವೇ ಮುಖ್ಯ ದಾರಿ, ಅದು ಹೂ ಬಿಡುವಷ್ಟಾಗಲು ಮೂರು ವರ್ಷವಾದರೂ ಬೇಕು. ಇನ್ನು ಎಚೆವೇರಿಯಾಗಳಲ್ಲಿ ಮಾರಾಟಕ್ಕೆ ಬರುವ ಎಷ್ಟೋ ತಳಿಗಳು ಮಿಶ್ರತಳಿ. ಅವುಗಳ ಬೀಜ ಹಾಕಿದರೆ ತಾಯಿಯಂಥದ್ದೇ ಗಿಡ ಬರುವುದಿಲ್ಲ.

ಕಾಡುಬಸಳೆ ಮತ್ತು ಅದರ ಬಂಧುಗಳಿಗೆ ಯಾವ ವಿಧಾನವೂ ಬೇಕಿಲ್ಲ. ಎಲೆಯ ಅಂಚಿನಲ್ಲೇ ಮರಿ ಕಟ್ಟುತ್ತವೆ. ಕೆಲವು ಕಲಾಂಚೊಗಳು ಆ ಮರಿಗಳನ್ನು ಸುತ್ತಲಿನ ಕುಂಡಗಳಿಗೆಲ್ಲ ಉದುರಿಸುತ್ತವೆ. ಅಂಥದ್ದನ್ನು ಬೇರೆ ಗಿಡಗಳಿಂದ ದೂರವೇ ಇಡಿ.

ಯಾವ ದಾರಿ ಹಿಡಿದರೂ

ಮಣ್ಣು ನೀರು ಹಿಡಿದಿಟ್ಟುಕೊಳ್ಳಬಾರದು. ಅರ್ಧ ಪಾಲು ಸಾಮಾನ್ಯ ಕುಂಡದ ಮಣ್ಣು ಅಥವಾ ಕೋಕೋಪೀಟ್, ಇನ್ನರ್ಧ ಪರ್ಲೈಟ್, ಪ್ಯೂಮಿಸ್‌ನಂಥ ಹಗುರ ಕಲ್ಲಿನ ಚೂರು ಅಥವಾ ದಪ್ಪ ಮರಳು. ನುಣ್ಣನೆಯ ಮರಳು ಬೇಡ, ಅದು ಒದ್ದೆಯಾದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕುಂಡದ ತಳದಲ್ಲಿ ತೂತು ಇರಲೇಬೇಕು. ಬೆಳಕು ಜಾಸ್ತಿ, ನೇರ ಬಿಸಿಲು ಕಡಿಮೆ. ಬೇರು ಹಿಡಿಯದ ಗಿಡ ನಡುಹಗಲ ಬಿಸಿಲಿಗೆ ಸುಟ್ಟು ಹೋಗುತ್ತದೆ. ಬೇರು ಬರಿಸುವ ಪುಡಿ (ರೂಟಿಂಗ್ ಹಾರ್ಮೋನ್) ಕೊಳ್ಳಬೇಕಾ ಅಂತ ಕೇಳುತ್ತಾರೆ. ಈ ಗಿಡಗಳಿಗೆ ಅದರ ಅಗತ್ಯ ಇಲ್ಲ.

ಕಾಂಡ ನೆಟ್ಟ ಮೇಲೆ ಒಂದು ವಾರ ನೀರು ಹಾಕದೆ ಬಿಡಿ. ಆಮೇಲೆ ಸ್ವಲ್ಪವೇ. ಬೇರು ಬಂತಾ ಅಂತ ದಿನಾ ಎಳೆದು ನೋಡುವ ಆಸೆ ತಡೆದುಕೊಳ್ಳಿ, ಹೊಸ ಬೇರು ಕೂದಲಿಗಿಂತ ಸೂಕ್ಷ್ಮ. ನಡುವಿನ ಎಲೆಗಳು ಹೊಸ ಬಣ್ಣ ತಾಳಿ ತೆರೆದುಕೊಳ್ಳುತ್ತಿದ್ದರೆ ಕೆಳಗೆ ಬೇರು ಹಿಡಿದಿದೆ ಅಂತಲೇ ಅರ್ಥ. ಎಲೆಗಳ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟುತಿಗಣೆ. ಅಂಥ ಗಿಡದಿಂದ ತುಂಡು ತೆಗೆಯುವ ಮೊದಲು ತಿಗಣೆಯನ್ನು ಪೂರ್ತಿ ತೊಲಗಿಸಿ, ಇಲ್ಲದಿದ್ದರೆ ಅದನ್ನೂ ಜೊತೆಗೇ ಹೆಚ್ಚಿಸಿದಂತಾಗುತ್ತದೆ. ಚಳಿ ಕೊರೆಯುವ ದಿನಗಳು, ಬಿಡದೆ ಮಳೆ ಸುರಿಯುವ ದಿನಗಳು ಈ ಕೆಲಸಕ್ಕಲ್ಲ. ಗಿಡ ಹೊಸ ಎಲೆ ಬಿಡುತ್ತಿರುವ, ಹಿತವಾದ ಬೆಚ್ಚಗಿನ ದಿನಗಳಲ್ಲಿ ಶುರು ಮಾಡಿ.

ಒಂದೇ ಗಿಡದಲ್ಲಿ ಹೋಲಿಸಿ ನೋಡಬೇಕೆಂದರೆ

ಬೆಳಕು ಸಾಲದೆ ಉದ್ದಕ್ಕೆ ಬೆಳೆದು, ಎಲೆಗಳ ನಡುವೆ ಅಂತರ ಬಿದ್ದು, ಕೋಲಿನ ಮೇಲೆ ಹೂವಿಟ್ಟಂತಾದ ಎಚೆವೇರಿಯಾ ನಿಮ್ಮಲ್ಲಿದ್ದರೆ ಎಸೆಯಬೇಡಿ. ಕಲಿಯಲು ಅದಕ್ಕಿಂತ ಒಳ್ಳೆಯ ಗಿಡ ಇಲ್ಲ. ಕಾಂಡದ ನಡುಭಾಗದ ಎಲೆಗಳನ್ನು ಮೊದಲು ಒಂದೊಂದಾಗಿ ಬಿಡಿಸಿ ತಟ್ಟೆಯಲ್ಲಿಡಿ. ತಲೆಯನ್ನು ಎರಡು ಮೂರು ಸೆಂಟಿಮೀಟರ್ ಕಾಂಡ ಉಳಿಸಿ ಕೊಯ್ದು ಒಣಗಲು ಇಡಿ. ಕುಂಡದಲ್ಲಿ ಉಳಿದ ಮೋಟು ಕಾಂಡವನ್ನು ಕೀಳದೆ ಹಾಗೇ ಬಿಡಿ, ಅದರ ಮೇಲೆ ನಾಲ್ಕಾರು ಎಲೆ ಇದ್ದರೆ ಒಳ್ಳೆಯದು. ಅದರ ಮಣ್ಣು ಪೂರ್ತಿ ಒಣಗಿದಾಗ ಮಾತ್ರ ನೀರು.

ಮೂರು ನಾಲ್ಕು ವಾರಕ್ಕೆ ತಲೆ ಬೇರು ಹಿಡಿದು ಹೊಸ ಗಿಡವಾಗಿ ನಿಂತಿರುತ್ತದೆ. ಇನ್ನೂ ಕೆಲವು ವಾರ ಕಳೆದರೆ ಮೋಟು ಕಾಂಡದಲ್ಲಿ, ಎಲೆ ಇದ್ದ ಕಡೆಗಳಿಂದ ಮೆಣಸಿನ ಕಾಳಿನಷ್ಟು ಹಸಿರು ಗುಬುಟುಗಳು ಏಳುತ್ತವೆ. ಒಂದಲ್ಲ, ಮೂರೋ ನಾಲ್ಕೋ. ತಟ್ಟೆಯ ಎಲೆಗಳು ಆ ಹೊತ್ತಿಗೂ ಉಗುರಿನಷ್ಟು ಮರಿ ಹೊತ್ತುಕೊಂಡು, ಸುಕ್ಕುಗಟ್ಟಿ, ನಿಧಾನವಾಗಿ ಮುಂದುವರಿಯುತ್ತಿರುತ್ತವೆ.